ಕಂಡಕ್ಟರ್ ಸೆಂಟ್

ಸಿದ್ದಲಿಂಗ ತೀರಿಕೊಂಡ ಒಂದೂವರೆ ವರ್ಷಕ್ಕೆ ಅವನ ಸೆಂಟಿನ ಬಾಟಲಿಯೂ ಖಾಲಿಯಾಯಿತು. 2008ನೇ ಇಸವಿ, ಯುಗಾದಿಗೆ ಇನ್ನು ಒಂದು ವಾರವಿತ್ತು. ಭಾನುವಾರ ತಲೆಗೆ ಎರೆದುಕೊಂಡು ಬಂದ ಶೈಲಶ್ರೀ ಎಂದಿನಂತೆ ಟ್ರಂಕಿನಿಂದ ಗಂಡನ ಒಂದು ಅಂಗಿ ತೆಗೆದು, ನೀಲಿ ಬಾಟಲಿಯ ತಿರುಪು ಮುಚ್ಚಳ ಬಿಚ್ಚಿ, ಕಾಲರಿನ ಮೇಲೆ ಬಗ್ಗಿಸಿದಳು. ಹನಿ ಬೀಳಲಿಲ್ಲ. ಬಾಟಲಿಯನ್ನು ತಲೆಕೆಳಗು ಹಿಡಿದು ಸುಮಾರು ಹೊತ್ತು ಕಾದಳು. ಕೊನೆಗೆ ಅದರ ಬಾಯಿಯನ್ನೇ ಕಾಲರಿಗೆ ಒತ್ತಿ ತಿರುವಿದಳು. ಅಷ್ಟಕ್ಕೆ ಬಂದ ವಾಸನೆ ಮಧ್ಯಾಹ್ನದ ಊಟದ ಹೊತ್ತಿಗೆ ಆರಿಹೋಯಿತು.

ಆ ಒಂದೂವರೆ ವರ್ಷ ಅವಳ ವಾರಗಳು ಹೀಗೇ ಕಳೆದಿದ್ದವು. ಸೋಮವಾರದಿಂದ ಶನಿವಾರದ ತನಕ ರೋಣದಿಂದ ಜಕ್ಕಲಿಗೆ ಬಸ್ಸು, ಅಲ್ಲಿಯ ಶಾಲೆಯಲ್ಲಿ ನಾಲ್ಕನೇ ಈಯತ್ತೆಯ ಮಕ್ಕಳು, ಸಂಜೆ ಮನೆಯಲ್ಲಿ ಅತ್ತೆ ಬಾಳವ್ವನ ಜೊತೆ ರೊಟ್ಟಿ. ಅವಳಿಗೆ ಮಕ್ಕಳಾಗಿರಲಿಲ್ಲ. ಮನೆಯಲ್ಲಿ ಇದ್ದವರು ಇಬ್ಬರೇ ಹೆಂಗಸರು. ಅತ್ತೆ ಅತ್ತಾಳೆಂದು ಸೊಸೆ, ಸೊಸೆ ಅತ್ತಾಳೆಂದು ಅತ್ತೆ, ಇಬ್ಬರೂ ಸಿದ್ದಲಿಂಗನ ಹೆಸರನ್ನು ಬಾಯಿಗೆ ತರುತ್ತಿರಲಿಲ್ಲ. ಭಾನುವಾರ ಒಂದು ಅರ್ಧ ತಾಸು ಮಾತ್ರ ಶೈಲಶ್ರೀ ಕೋಣೆಯ ಬಾಗಿಲು ಮುಚ್ಚಿಕೊಂಡು, ಸೆಂಟು ಹಾಕಿದ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ಆಗ ಅವನು ಡ್ಯೂಟಿ ಮುಗಿಸಿ ಬಂದು ಮಗ್ಗುಲಲ್ಲಿ ಕುಳಿತ ಹಾಗಾಗುತ್ತಿತ್ತು.

ಸಿದ್ದಲಿಂಗ ಸರ್ಕಾರಿ ಬಸ್ಸಿನ ಕಂಡಕ್ಟರ್. ಹುಬ್ಬಳ್ಳಿ ಬಿಟ್ಟು ನರಗುಂದ, ರೋಣ ಹಾಯ್ದು ಗಜೇಂದ್ರಗಡ ಮುಟ್ಟುವ ಗಾಡಿಯ ಮೇಲೆ ಹತ್ತು ವರ್ಷ ನಿಂತು ದುಡಿದವನು. ಡೀಸೆಲ್ಲು, ಬೀಡಿ, ಬೆವರು, ಸೀಟಿನ ಕೆಳಗಿನ ಕೋಳಿ, ಮೆಣಸಿನಕಾಯಿಯ ಚೀಲ, ಇಷ್ಟೆಲ್ಲದರ ನಡುವೆ ಅವನು ಟಿಕೆಟ್ ಕೇಳುತ್ತ ಬಂದರೆ ಮೊದಲು ಅವನ ಸೆಂಟು ಬರುತ್ತಿತ್ತು, ಅದರ ಹಿಂದೆ ಅವನು. ದಾರಿಯ ಹಳ್ಳಿಗಳ ಮಂದಿಗೆ ಅವನ ಹೆಸರು ಗೊತ್ತಿರಲಿಲ್ಲ. ಸೆಂಟಿನ ಕಂಡಕ್ಟರ್ ಎಂದೇ ಕರೆಯುತ್ತಿದ್ದರು.

ಅದನ್ನು ತಂದುಕೊಟ್ಟವಳು ಶೈಲಶ್ರೀ. 2000ದಲ್ಲಿ ನೌಕರಿ ಸಿಕ್ಕು ಮೊದಲ ಪಗಾರ ಕೈಗೆ ಬಂದಾಗ ಹುಬ್ಬಳ್ಳಿಗೆ ಹೋಗಿ, ದೊಡ್ಡದೊಂದು ಅಂಗಡಿ ಹೊಕ್ಕು, ಗಂಡಸರು ಹಚ್ಚಿಕೊಳ್ಳುವುದರಲ್ಲಿ ಎಲ್ಲಕ್ಕಿಂತ ಚಲೋದು ಯಾವುದೆಂದು ಕೇಳಿ, ಪರದೇಶದ ಹೆಸರು ಬರೆದ ಆ ನೀಲಿ ಬಾಟಲಿಯನ್ನು ಕೊಂಡಿದ್ದಳು. ಬೆಲೆ ಕೇಳಿ ಸಿದ್ದಲಿಂಗ ಊಟದ ತನಕ ಮಾತಾಡಲಿಲ್ಲ.

"ಟಿಕೆಟ್ ಹರಿಯೋ ಕೈಗೆ ಇಂಥಾದ್ದು ಬೇಕಾಗಿತ್ತೇನು ಶೈಲಾ?" ಎಂದ, ತಾಟಿನ ಮುಂದೆ ಕೂತು.

"ಟಿಕೆಟ್ ಹರಿಯೋ ಕೈಗೇ ಬೇಕ್ರಿ. ದಿನಾ ಎಷ್ಟು ಮಂದಿ ಕೈ ಮುಟ್ಟತಾವ ಅದಕ್ಕ."

ಮರುದಿನ ಬೆಳಿಗ್ಗೆ ಅವನು ಖಾಕಿ ತೊಟ್ಟು, ಕತ್ತಿಗೆ ಒಂದು ಹನಿ, ಮಣಿಕಟ್ಟಿಗೆ ಒಂದು ಹನಿ ಹಚ್ಚಿಕೊಂಡು, ಬಾಟಲಿಯನ್ನು ಟಿಕೆಟ್ ಚೀಲದ ಒಳಜೇಬಿಗೆ ಇಟ್ಟುಕೊಂಡು ಹೋದ. ಅಂದಿನಿಂದ ಅದು ಅಲ್ಲಿಯೇ ಇರುತ್ತಿತ್ತು. ಎರಡು ತಿಂಗಳಾದ ಮೇಲೆ ವಾಸನೆ ತುಸು ಬೇರೆಯಾಯಿತೇನೋ ಎಂದು ಅವಳಿಗೆ ಅನ್ನಿಸಿ ಕೇಳಿದ್ದಳು. "ಮುಚ್ಚಳಾ ತಗದ ಮ್ಯಾಲೆ ಹದಕ್ಕ ಬರತೈತಿ ಅದು, ಉಪ್ಪಿನಕಾಯಿ ಇದ್ದಾಂಗ," ಅಂದಿದ್ದ. ಅವಳು ನಕ್ಕು ಮರೆತಳು. ಬಾಟಲಿ ಒಂದು ವರ್ಷ ಬಂತು, ಎರಡು ವರ್ಷ ಬಂತು, ಆರು ವರ್ಷ ಬಂತು. ಒಳಗಿನ ನೀರು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಕೆಳಗಿಳಿಯುತ್ತಿತ್ತು. "ಅಸಲಿ ಮಾಲು ಹಿಂಗ, ಒಂದು ಹನಿ ಸಾಕು," ಎನ್ನುತ್ತಿದ್ದ ಅವನು. ಮಕ್ಕಳಿಗೆ ದಿನಾ ಲೆಕ್ಕ ಕಲಿಸುವ ಶೈಲಶ್ರೀ ಈ ಒಂದು ಲೆಕ್ಕವನ್ನು ಯಾವತ್ತೂ ಬಿಡಿಸಲಿಲ್ಲ.

2006ರ ದೀಪಾವಳಿ ಮುಗಿದ ವಾರ, ನರಗುಂದದ ಬಸ್‌ಸ್ಟ್ಯಾಂಡಿನಲ್ಲಿ ಚಹಾದ ಗ್ಲಾಸು ಹಿಡಿದು ನಿಂತವನು ಎದೆ ಒತ್ತಿಕೊಂಡು ಕುಸಿದ. ದವಾಖಾನೆ ಮುಟ್ಟುವ ಮೊದಲೇ ಹೋಗಿದ್ದ. ನಲವತ್ತು ವರ್ಷ ತುಂಬಿರಲಿಲ್ಲ. ಡ್ರೈವರು ತಂದುಕೊಟ್ಟ ಚೀಲದಲ್ಲಿ ನೀಲಿ ಬಾಟಲಿ ಇತ್ತು, ಕಾಲುಭಾಗ ತುಂಬಿ.

ಬೇಸಿಗೆ ಸೂಟಿಯಲ್ಲಿ ಶೈಲಶ್ರೀ ಮತ್ತೆ ಹುಬ್ಬಳ್ಳಿಗೆ ಹೋದಳು. ಅದೇ ಅಂಗಡಿ, ಅದೇ ಹೆಸರು, ಅದೇ ನೀಲಿ. ತಿರುಪಿನ ಮುಚ್ಚಳದ ಬದಲು ಒತ್ತಿದರೆ ಚಿಮ್ಮುವ ಸ್ಪ್ರೇ ಬಂದಿತ್ತು, ಅಷ್ಟೇ ಫರಕು. ಬಸ್ಸಿನಲ್ಲಿ ಬಿಚ್ಚಬಾರದೆಂದು ಮನಸ್ಸು ಕಟ್ಟಿ, ರೋಣದ ತನಕ ಅದನ್ನು ಮಡಿಲಲ್ಲಿಟ್ಟುಕೊಂಡು ಬಂದಳು. ಮನೆಗೆ ಬಂದು ಕೈಕಾಲು ತೊಳೆದು, ಅಂಗಿ ತೆಗೆದು ಕಾಲರಿಗೆ ಹೊಡೆದಳು. ಕಣ್ಣು ಮುಚ್ಚಿ ಮೂಸಿದಳು.

ಮೊದಲ ಗಳಿಗೆ ಅವನೇ ಬಾಗಿಲಿಗೆ ಬಂದ ಹಾಗಾಯಿತು. ಆದರೆ ಒಳಗೆ ಬರಲಿಲ್ಲ. ಕಾಲು ತಾಸಿಗೆ ವಾಸನೆ ತಣ್ಣಗೆ, ಒಣಗಿ, ಯಾರೋ ದೊಡ್ಡ ಸಾಹೇಬರ ಕಚೇರಿಯಂತಾಯಿತು. ಸ್ವಲ್ಪ ಹೊತ್ತು ಬಿಟ್ಟು ನೋಡೋಣವೆಂದು ಅಂಗಿಯನ್ನು ಗೂಟಕ್ಕೆ ಹಾಕಿದಳು. ಸಂಜೆಗೂ ಹಾಗೇ ಇತ್ತು, ಮರುದಿನಕ್ಕೂ ಹಾಗೇ ಇತ್ತು. ಆ ಅಂಗಿ ತೊಟ್ಟವನು ಅವಳಿಗೆ ಪರಿಚಯದವನಲ್ಲ.

ಆಗ ಅವಳಿಗೆ ನಿಜವಾಗಿ ಅಂಜಿಕೆಯಾಯಿತು. ಅಂಗಡಿಯವನು ಮೋಸ ಮಾಡಿದ್ದರೆ ಸುಡಲಿ. ಆದರೆ ತನ್ನ ಮೂಗೇ ಅವನನ್ನು ಮರೆತಿದ್ದರೆ? ಅವನ ದನಿ ಈಗಾಗಲೇ ಸರಿಯಾಗಿ ನೆನಪಾಗುತ್ತಿರಲಿಲ್ಲ. ಫೋಟೋದಲ್ಲಿ ಇಲ್ಲದ ಕಡೆಯಿಂದ ಅವನ ಮುಖ ಹೇಗೆ ಕಾಣುತ್ತಿತ್ತು ಎನ್ನುವುದೂ ಮಸುಕಾಗುತ್ತಿತ್ತು. ಇನ್ನು ಉಳಿದದ್ದು ಇದೊಂದೇ. ಮೂರು ದಿನ ಒಳಗೊಳಗೇ ಬೆಂದು, ಕೊನೆಗೆ ಅಂಗಿಯನ್ನು ಅತ್ತೆಯ ಮುಂದೆ ಹಿಡಿದಳು.

ಬಾಳವ್ವ ಅಕ್ಕಿ ಹಸನ ಮಾಡುತ್ತಿದ್ದಳು. ಅಂಗಿಯನ್ನು ಎರಡೂ ಕೈಯಿಂದ ಇಸಿದುಕೊಂಡು ಮುಖಕ್ಕೆ ಒತ್ತಿಕೊಂಡಳು.

"ಅಂಗಿ ಅವಂದು. ವಾಸನಿ ಅವಂದಲ್ಲ," ಎಂದಳು. "ಇದು ದೊಡ್ಡ ಮಂದಿ ವಾಸನಿ ಐತಿ. ನಮ್ಮ ಸಿದ್ದುಂದು ಮೆತ್ತಗಿತ್ತು."

ಶೈಲಶ್ರೀಗೆ ಜೀವ ಬಂದ ಹಾಗಾಯಿತು. ಮರೆತಿಲ್ಲ. ಆದರೆ ಅಸಲಿ ಎಲ್ಲಿ ಹುಡುಕುವುದು ಎನ್ನುವುದು ಗೊತ್ತಾಗಲಿಲ್ಲ. ಬಾಟಲಿಯನ್ನು ಕಪಾಟಿನಲ್ಲಿ ಇಟ್ಟಳು.

ಜುಲೈನಲ್ಲಿ ಶಿಕ್ಷಕರಿಗೆ ಗಜೇಂದ್ರಗಡದಲ್ಲಿ ಮೂರು ದಿನದ ತರಬೇತಿ ಬಂತು. ಮೊದಲ ದಿನ ಬೆಳಿಗ್ಗೆ ಜಿಟಿಜಿಟಿ ಮಳೆ. ಬಸ್ಸಿನ ಕಿಟಕಿಗಳನ್ನೆಲ್ಲ ಎಳೆದಿದ್ದರು. ಒದ್ದೆ ಬಟ್ಟೆ, ಒದ್ದೆ ಕೊಡೆ, ಉಸಿರಿನ ಬಿಸಿ. ಶೈಲಶ್ರೀ ನಡುವಿನ ಸೀಟಿನಲ್ಲಿ ತೂಕಡಿಸುತ್ತ ಕೂತಿದ್ದಳು. ಒಂದು ಸ್ಟಾಪಿನಲ್ಲಿ ನಾಲ್ಕೈದು ಮಂದಿ ಹತ್ತಿದರು, ಬಸ್ಸು ಬಿಟ್ಟಿತು, ಮತ್ತು ಸಿದ್ದಲಿಂಗ ಅವಳ ಪಕ್ಕದಿಂದ ಹಾದುಹೋದ.

ಅವಳು ತಟ್ಟನೆ ಕಣ್ಣು ತೆರೆದು ಎದ್ದೇ ನಿಂತಳು. ಮುಂದಿನ ಸೀಟಿನಲ್ಲಿ ನಲವತ್ತರ ಆಸುಪಾಸಿನ ಗಂಡಸೊಬ್ಬ ಹೆಂಡತಿಯ ಜೊತೆ ಕುಳಿತುಕೊಳ್ಳುತ್ತಿದ್ದ. ಬಿಳಿ ಅಂಗಿ, ಮದುವೆಗೆ ಹೊರಟ ಹಾಗೆ ಬಾಚಿದ ತಲೆ. ವಾಸನೆ ಬಂದದ್ದು ಅವನಿಂದಲೇ. ಪರಗಂಡಸನ್ನು ಇಂಥದ್ದು ಕೇಳುವುದು ಹೇಗೆ? ಎರಡು ಸ್ಟಾಪು ಸುಮ್ಮನೆ ಕೂತಳು. ಅವರು ಎಲ್ಲಿ ಇಳಿದುಬಿಡುತ್ತಾರೋ ಎಂಬ ದಿಗಿಲಿಗೆ ಮುಂದೆ ಬಾಗಿ ಹೆಂಗಸಿನ ಭುಜ ಮುಟ್ಟಿದಳು.

"ತಪ್ಪು ತಿಳಕೋಬ್ಯಾಡ್ರಿ ಅಕ್ಕಾ. ನಿಮ್ಮ ಯಜಮಾನರು ಹಚ್ಚಿಕೊಂಡಾರಲ್ಲ, ಆ ಸೆಂಟು ಯಾವುದ್ರಿ?"

ಹೆಂಗಸು ತಿರುಗಿ ಅವಳನ್ನು ಒಮ್ಮೆ ನೋಡಿದಳು. ಬೋಳು ಹಣೆ, ಹೆಗಲ ಚೀಲ ಎಲ್ಲ ನೋಡಿದ ಮೇಲೆ ಅವಳ ಮುಖ ಮೆತ್ತಗಾಯಿತು. ಅವಳ ಹೆಸರು ಅಂಜುಮ. ಗಂಡ ಜಹೀರ ಮನೆಗಳ ನೆಲಕ್ಕೆ ಫರ್ಸಿ ಕಲ್ಲು ಕೂಡಿಸುವ ಕೆಲಸದವನು.

"ಅಯ್ಯ, ಅದರಾಗೇನು ತಪ್ಪು. ಮದುವಿ ಬಂದ್ರ ಅರ್ಧ ಬಾಟ್ಲಿ ಸುರಕೋತಾರ ಇವರು, ನನಗ ತಲಿನೋವು," ಎಂದು ನಕ್ಕಳು. "ಗಜೇಂದ್ರಗಡದಾಗ ಕುತುಬುದ್ದೀನ ಚಾಚಾ ಅಂತ ಅದಾರ್ರಿ, ಅತ್ತರ ಅಂಗಡಿ. ಅಲ್ಲಿ ಹೋಗಿ ಕಂಡಕ್ಟರ್ ಸೆಂಟ್ ಕೊಡ್ರಿ ಅನ್ರಿ. ಕೊಡತಾರ."

"ಏನು ಸೆಂಟು ಅಂದ್ರಿ?"

"ಕಂಡಕ್ಟರ್ ಸೆಂಟ್. ಯಾಕ ಹಾಂಗ ಅಂತಾರೋ, ನನಗ ಗೊತ್ತಿಲ್ರಿ."

ಅಂದು ತರಬೇತಿಯಲ್ಲಿ ಏನು ಹೇಳಿದರೋ ಶೈಲಶ್ರೀಗೆ ತಿಳಿಯಲಿಲ್ಲ. ಅಂಗಡಿಗೂ ಹೋಗಲಿಲ್ಲ, ಧೈರ್ಯವಾಗಲಿಲ್ಲ. ಎರಡನೆಯ ದಿನ ಚೀಲದಲ್ಲಿ ಹುಬ್ಬಳ್ಳಿಯ ಹೊಸ ಬಾಟಲಿಯನ್ನೂ ಹಳೆಯ ಖಾಲಿ ಬಾಟಲಿಯನ್ನೂ ಇಟ್ಟುಕೊಂಡು ಒಂದು ತಾಸು ಮೊದಲೇ ಗಜೇಂದ್ರಗಡದಲ್ಲಿ ಇಳಿದಳು.

ಪೇಟೆಯ ಓಣಿಯೊಂದರಲ್ಲಿ ಕುತುಬುದ್ದೀನರ ಅಂಗಡಿ, ಇಬ್ಬರು ಕೂರುವಷ್ಟು ಜಾಗ. ಗೋಡೆಯ ತುಂಬ ಗಾಜಿನ ಕಪಾಟು, ಅದರಲ್ಲಿ ಬೆರಳುದ್ದದ ಬಾಟಲಿಗಳು. ಮುದುಕರು ಬೆಳ್ಳಗಿನ ಗಡ್ಡದವರು, ಮೆಲುಮಾತಿನವರು. ಮೂಗು ಕೆಡುತ್ತದೆಂದು ಸಂಜೆಯ ತನಕ ಹಸಿ ಉಳ್ಳಾಗಡ್ಡಿ ಮುಟ್ಟುತ್ತಿರಲಿಲ್ಲವಂತೆ. ಶೈಲಶ್ರೀ ಹಳೆಯ ಬಾಟಲಿಯನ್ನು ಚೀಲದಲ್ಲೇ ಬಿಟ್ಟು ಹೊಸದನ್ನು ಮುಂದಿಟ್ಟಳು.

"ಚಾಚಾ, ಇದು ಅಸಲಿನೋ ನಕಲಿನೋ ಹೇಳ್ರಿ."

ಅವರು ಬಾಟಲಿ ತಿರುಗಿಸಿ ನೋಡಿ, ಹತ್ತಿಯ ಚೂರಿಗೆ ಒಮ್ಮೆ ಹೊಡೆದು, ಮೂಗಿನಿಂದ ದೂರ ಹಿಡಿದು ಆಡಿಸಿದರು. "ಅಸಲಿ ಐತ್ರಿ ಅಕ್ಕಾರ. ಭಾಳ ಚಲೋ ಮಾಲು."

"ನಿಮ್ಮ ಕಂಡಕ್ಟರ್ ಸೆಂಟು ಇದರಂಗೇ ಇರತೈತಂತಲ್ಲ?"

"ಇದರದ ನಕಲು ಅದು. ಮುಂಬೈದಿಂದ ಎಣ್ಣಿ ಬರತೈತಿ, ಅದಕ್ಕ ನಾ ಒಂದಿಷ್ಟು ಕೂಡಸತೀನಿ." ಅವರು ಎದ್ದು ಕೆಳಗಿನ ಖಾನೆಯಿಂದ ಒಂದು ಸಣ್ಣ ಬಾಟಲಿ ತೆಗೆದರು. "ಎರಡಕ್ಕೂ ಏನು ಫರಕು ಅಂತ ಬಾಯಿಲೆ ಹೇಳೂದಲ್ಲ. ಕೈ ಮುಂದ ಮಾಡ್ರಿ. ಬಲಗೈಗೆ ನಿಮ್ಮದು, ಎಡಗೈಗೆ ನಂದು. ತಿಕ್ಕಬ್ಯಾಡ್ರಿ. ನಿಮ್ಮ ಕೆಲಸಾ ಮುಗಿಸಿಕೊಂಡು ಸಂಜೀಕ ಬಂದು ನೀವ ಹೇಳ್ರಿ."

ಅಲ್ಲೇ ನಿಂತು ಮೂಸಿದಾಗ ಎರಡೂ ಒಂದೇ ತಾಯಿಯ ಮಕ್ಕಳು. ನಿಂಬೆಯ ಸಿಪ್ಪೆ ಸುಲಿದಂತೆ, ತಣ್ಣೀರು ಮುಖಕ್ಕೆ ಬಿದ್ದಂತೆ. ಎಡಗೈದು ತುಸು ಜೋರು, ತುಸು ಒರಟು, ಅಗ್ಗದ ಮಾಲೆಂದು ಗೊತ್ತಾಗುವಷ್ಟು. ತರಬೇತಿಯ ಹಾಲಿನಲ್ಲಿ ಹಿಂದಿನ ಬೆಂಚಿಗೆ ಕೂತಳು. ಹನ್ನೊಂದರ ಚಹಾದ ಹೊತ್ತಿಗೆ ದಾರಿ ಬೇರೆಯಾದವು. ಬಲಗೈ ಒಣಮರದ ಕಡೆಗೆ ಹೋಯಿತು, ನೆಟ್ಟಗೆ, ಶಿಸ್ತಾಗಿ. ಎಡಗೈಯಲ್ಲಿ ನಿಂಬೆ ಓಡಿಹೋಗಿ, ಅದರ ಜಾಗಕ್ಕೆ ಒದ್ದೆ ಬೇರಿನ, ನೀರು ಚಿಮುಕಿಸಿದ ನೆಲದ ವಾಸನೆ ಮೆಲ್ಲಗೆ ಎದ್ದಿತು. ಊಟದ ಹೊತ್ತಿಗೆ ಅದಕ್ಕೆ ಸಣ್ಣದೊಂದು ಸಿಹಿ ಕೂಡಿತು. ಒಳ್ಳೆಯದು ಯಾವುದು ಎಂದು ಬೇರೆ ಯಾರನ್ನು ಕೇಳಿದ್ದರೂ ಬಲಗೈ ತೋರಿಸುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು. ನಾಲ್ಕಕ್ಕೆ ಬಲಗೈ ಬೆಳಗಿನಷ್ಟೇ ಸ್ಪಷ್ಟವಾಗಿತ್ತು, ಎಡಗೈಯಲ್ಲಿ ಚರ್ಮಕ್ಕೆ ಮೂಗು ತಾಗಿಸಿದರೆ ಸಿಗುವಷ್ಟು ಮಾತ್ರ ಉಳಿದಿತ್ತು. ಹಾಗೆ ತಾಗಿಸಿದಾಗ, ಚಪ್ಪಲಿ ಬಿಟ್ಟು, ಟೋಪಿ ಗೂಟಕ್ಕೆ ಹಾಕಿ, "ಶೈಲಾ, ನೀರು ಕೊಡು," ಎನ್ನುವ ಹೊತ್ತಿನ ಸಿದ್ದಲಿಂಗನಿದ್ದ. ಮುಂದೆ ಯಾರೋ ಹಲಗೆಯ ಮೇಲೆ ಬರೆಯುತ್ತಿದ್ದರು. ಅವಳು ತಲೆ ಬಗ್ಗಿಸಿ, ಎಡಗೈಯನ್ನು ಮುಖಕ್ಕೆ ಒತ್ತಿಕೊಂಡು, ಕೊನೆಯ ಗಂಟೆಯವರೆಗೆ ಹಾಗೇ ಕೂತಳು.

ಸಂಜೆ ಅಂಗಡಿಗೆ ಬಂದವಳು ಖಾಲಿ ಬಾಟಲಿಯನ್ನು ತೆಗೆದು ಮುಂದಿಟ್ಟಳು. ಕುತುಬುದ್ದೀನರು ಅದನ್ನು ಮುಟ್ಟಲಿಲ್ಲ. ಅದರ ತಳದ ಅಂಚಿನಲ್ಲಿದ್ದ ಚೂರು ಒಡಕನ್ನು ನೋಡಿದರು, ಅವಳನ್ನು ನೋಡಿದರು.

"ನೀವು ಸಿದ್ದಲಿಂಗಪ್ಪನವರ ಮನಿಯವರೇನ್ರಿ?"

ಅವಳು ತಲೆಯಾಡಿಸಿದಳು. ಅವರು ಎದ್ದು, ತಮ್ಮ ಕೂರುವ ಜಾಗ ಬಿಟ್ಟುಕೊಟ್ಟು, ತಾವು ಮೆಟ್ಟಿಲ ಮೇಲೆ ಕೂತರು.

"ಈ ಬಾಟ್ಲಿ ನನ್ನ ಕಡೆ ಆರು ವರ್ಷ ಬಂದು ಹೋಗೇತ್ರಿ ಅಕ್ಕಾರ. ಎರಡು ಮೂರು ತಿಂಗಳಿಗೊಮ್ಮೆ. ತುಂಬೂ ಮುಂದ, ಚಾಚಾ, ಹೋದ ಸಲಕ್ಕಿಂತ ಒಂದು ಕೂದಲ ಕಡಿಮಿ ತುಂಬ್ರಿ ಅಂತಿದ್ದ. ಏರಿದ್ದು ಮನ್ಯಾಗ ಗೊತ್ತಾಗಬಾರದು ಅಂತ."

"ಆರು ವರ್ಷ ಸುಳ್ಳು ಹೇಳಿದರೇನು ನನಗ?" ಶೈಲಶ್ರೀಯ ದನಿ ಏರಲಿಲ್ಲ, ಆದರೆ ಗಟ್ಟಿಯಾಯಿತು. "ತೀರಿದ್ದರ ತೀರೇತಿ ಅನಬೇಕಿತ್ತು."

"ಹೇಳತೀನಿ, ಕೇಳ್ರಿ. ಹೇಳಬಾರದು ಅಂತ ಮಾತು ತಗೊಂಡಿದ್ದ. ಈಗ ಅಂವನ ಇಲ್ಲ, ನೀವು ಕೇಳಾಕ ಬಂದೀರಿ."

2000ದ ಬೇಸಿಗೆಯಲ್ಲಿ ಕುತುಬುದ್ದೀನರು ಹುಬ್ಬಳ್ಳಿಯಿಂದ ಅತ್ತರಿನ ಪೆಟ್ಟಿಗೆ ಹೊತ್ತುಕೊಂಡು ಸಿದ್ದಲಿಂಗನ ಬಸ್ಸು ಹತ್ತಿದ್ದರು. ಅದೇ ಬಸ್ಸಿಗೆ ಪುರ್ತಗೇರಿಯ ಮುದುಕ ಹೊಳಿಯಪ್ಪ ಮತ್ತು ಅವನ ಹೆಂಡತಿ ಗಾಳೆವ್ವ ಹತ್ತಿದರು. ಸಕ್ಕರೆ ಕಾಯಿಲೆಯಿಂದ ಮುದುಕನ ಕಾಲು ಕೊಳೆತಿತ್ತು. ಇನ್ನು ನಮ್ಮ ಕೈಯಲ್ಲಿಲ್ಲ, ಮನೆಗೆ ಕರಕೊಂಡು ಹೋಗಿರಿ ಎಂದು ದವಾಖಾನೆಯವರು ಹೇಳಿದ್ದರಂತೆ. ಹುಣ್ಣಿನ ವಾಸನೆಗೆ ಮಂದಿ ಮೂಗು ಮುಚ್ಚಿಕೊಂಡರು. ಇವರನ್ನು ಇಳಿಸಿ ಎಂದು ನಾಲ್ಕು ಜನ ಜಗಳ ತೆಗೆದರು. ಸಿದ್ದಲಿಂಗ ಇಬ್ಬರನ್ನೂ ಹಿಂದಿನ ಸೀಟಿಗೆ ಕೂರಿಸಿ, ನಡುವೆ ಎರಡು ಸಾಲು ಖಾಲಿ ಬಿಡಿಸಿದ.

"ನರಗುಂದ ದಾಟಿದ ಮ್ಯಾಲೆ ಚಿಲ್ಲರ ಕೊಡಾಕ ಅಂತ ಹಿಂದ ಹೋದ. ನಾನೂ ತಿರುಗಿ ನೋಡಿದೆ. ಮುದುಕನ ಕೈ ಸೀಟಿನ ಕೆಳಗ ಜೋತು ಬಿದ್ದಿತ್ತು. ಪ್ರಾಣ ಹೋಗಿತ್ತು. ಆಕಿ ಅವನ ತಲಿ ತನ್ನ ಹೆಗಲ ಮ್ಯಾಲೆ ಹಿಡಕೊಂಡು, ಕಂಡಕ್ಟರನ ಮುಖಾ ನೋಡಿ, ಬ್ಯಾಡ ಅನ್ನೂಹಂಗ ಇಷ್ಟ ತಲಿ ಆಡಿಸಿದಳು. ಗೊತ್ತಾದ್ರ ಆ ಮಂದಿ ಬಿಸಿಲಾಗ, ಎರಿ ಹೊಲದ ಬಾಜೂಕ ಇಳಿಸಿ ಹೋಗತಿದ್ದರು. ಕಾಯದೆ ಪ್ರಕಾರ ಅಂವ ಬಸ್ಸು ನಿಲ್ಲಿಸಬೇಕಾಗಿತ್ತು. ಮುಂದ ಬಂದು ಕಂಬಾ ಹಿಡಕೊಂಡು ಒಂದು ಗಳಿಗಿ ನಿಂತ. ಆಮ್ಯಾಲೆ ಚೀಲದಾಗಿಂದ ಈ ಬಾಟ್ಲಿ ತಗದ."

ಕುತುಬುದ್ದೀನರು ಖಾಲಿ ಬಾಟಲಿಯ ಕಡೆ ಬೆರಳು ಮಾಡಿದರು.

"ಪೂರಾ ಸುರುವಿಬಿಟ್ಟ ಅಂವ, ಅಕ್ಕಾರ. ಮುದುಕನ ಶಾಲಿಗೆ, ಕಾಲಿನ ಪಟ್ಟಿಗೆ, ಸೀಟಿಗೆ. ಬಸ್ಸು ಬಸ್ಸೇ ಮದುವಿ ಮನಿಯಂಗಾತು. ಹಿರ್ಯಾಗ ಈಗ ನಿದ್ದಿ ಹತ್ತೇತಿ, ಯಾರೂ ಹಿಂದ ಹೋಗಬ್ಯಾಡ್ರಿ ಅಂತ ಮಂದಿಗೆ ಹೇಳಿದ. ನನ್ನ ತೊಡಿ ಮ್ಯಾಲೆ ಪೆಟಿಗಿ ಇತ್ತು, ಅದರಾಗ ಅರವತ್ತು ಬಾಟ್ಲಿ. ಯಾವುದು ಅಗ್ಗಿಂದು, ಯಾವುದು ಕೊಡಲಿ ಅಂತ ನಾ ವಿಚಾರ ಮಾಡಕೋತ ಕುಂತಿದ್ದೆ. ಅಷ್ಟರಾಗ ಅಂವ ಸುರುವಿ ಮುಗಿಸಿದ್ದ. ಪುರ್ತಗೇರಿ ಕ್ರಾಸಿನಾಗ ಇಬ್ಬರೂ ಕೂಡಿ, ಮಲಗಿದವರನ್ನ ಎತ್ತಿದಾಂಗ ಎತ್ತಿ ಇಳಿಸಿದಿವಿ."

ಅಂದೇ ಸಂಜೆ ಸಿದ್ದಲಿಂಗ ಖಾಲಿ ಬಾಟಲಿ ಹಿಡಿದು ಅಂಗಡಿಗೆ ಬಂದಿದ್ದ. ಹೆಂಡತಿಯ ಮೊದಲ ಪಗಾರದ ಸೆಂಟು, ಹೆಣದ ಮೇಲೆ ಸುರುವಿದೆ ಎಂದು ಹೇಗೆ ಹೇಳಲಿ ಎಂದಿದ್ದ. ಮಾತು ಹೊರಬಿದ್ದರೆ ನೌಕರಿಗೂ ಕುತ್ತು. ತೀರಿತು ಎಂದು ಹೇಳಿದರೆ ಅವಳು ಮತ್ತೊಂದು ತರುತ್ತಾಳೆ, ಅದೂ ಬೇಡ. ಇದರ ವಾಸನೆಯದೇ ಏನಾದರೂ ಕೊಡಿ, ಮುಂದೊಂದು ದಿನ ನಿವಾಂತ ಕೂತು ನಾನೇ ಹೇಳುತ್ತೇನೆ ಎಂದಿದ್ದ.

"ಮುಂಬೈ ಎಣ್ಣಿ ತುಂಬಿ ಕೊಟ್ಟೆ. ವಾರದಾಗ ತಿರುಗಿ ಬಂದ. ರೋಣಾ ಮುಟ್ಟೂದ್ರಾಗ ಹಾರಿ ಹೋಗತೈತಿ ಚಾಚಾ, ಮನಿ ಮಟಾ ಬರಬೇಕು ಅಂದ. ಅದಕ್ಕ ಲಾವಂಚದ ಬೇರಿನ ಎಣ್ಣಿ, ಒಂದೀಟು ಹೀನಾ, ಅಂದ್ರ ಮದರಂಗಿ ಅತ್ತರ, ಕೂಡಿಸಿದೆ. ಪ್ರತಿ ಸಲ ಬಂದಾಗ, ಹೇಳಿದೇನಪಾ ಅಂತ ಕೇಳತಿದ್ದೆ. ಈ ದೀಪಾವಳಿಗೆ ಹೇಳತೀನಿ, ಈ ಯುಗಾದಿಗೆ ಹೇಳತೀನಿ ಅಂತಿದ್ದ. ಅಂವ ಹೋದ ಮ್ಯಾಲೆ ಉಳಿದದ್ದನ್ನ ಮಂದಿಗೆ ಕೊಟ್ಟೆ. ಚಲೋ ಐತಿ ಅಂತ ಮತ್ತ ಮತ್ತ ಕೇಳಿದರು. ಹೆಸರು ನಾನ ಇಟ್ಟೆ."

ಹೊರಗೆ ಮಳೆ ನಿಂತಿತ್ತು. ಕುತುಬುದ್ದೀನರು ಎದ್ದು ಹಳೆಯ ಬಾಟಲಿಯನ್ನು ಕೈಗೆತ್ತಿಕೊಂಡು, ಅದರ ಬಾಯಿಗೆ ಸಣ್ಣ ಲಾಳಿಕೆ ಇಟ್ಟರು.

"ಎಲ್ಲಿ ಮಟಾ ತುಂಬಲ್ರಿ?"

"ಪೂರಾ ತುಂಬ್ರಿ," ಎಂದಳು ಅವಳು.

ಮನೆಗೆ ಬಂದು, ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಎದುರು ಕೂತು ಎಲ್ಲ ಹೇಳಿದಳು. ಬಾಳವ್ವ ಹಿಟ್ಟಿನ ಕೈ ಹಾಗೇ ಬಿಟ್ಟು ಕೇಳಿದಳು. ಹಂಚಿನ ಮೇಲಿನ ರೊಟ್ಟಿ ಕರಿದಾಯಿತು. "ನಮ್ಮ ಸಿದ್ದು ಸಣ್ಣಾಂವಿದ್ದಾಗ ಸತ್ತ ಬೆಕ್ಕಿಗೆ ಅಂಜತಿದ್ದ," ಎಂದಳು ಕಡೆಗೆ. ಅಂದು ಇಬ್ಬರೂ ಅವನ ಹೆಸರು ಹಿಡಿದು ಮಾತಾಡಿದರು, ಬೈದರು, ಒಮ್ಮೆ ನಕ್ಕರು ಕೂಡ. ಆದರೂ ಶೈಲಶ್ರೀಯ ಎದೆಯಲ್ಲಿ ಒಂದು ಮಾತು ಕೂತೇ ಇತ್ತು. ಆರು ವರ್ಷ ತನ್ನ ಮಗ್ಗುಲಲ್ಲಿ ಮಲಗಿದವನು ಇಷ್ಟು ದೊಡ್ಡದೊಂದನ್ನು ಒಳಗಿಟ್ಟುಕೊಂಡಿದ್ದನಲ್ಲ, ತನಗೆ ಗೊತ್ತಿಲ್ಲದ ಸಿದ್ದಲಿಂಗ ಇನ್ನೂ ಎಷ್ಟು ಇದ್ದಾನೋ, ಯಾರ ಯಾರ ಹತ್ತಿರ ಇದ್ದಾನೋ.

ಮುಂದಿನ ಭಾನುವಾರ ಪುರ್ತಗೇರಿಗೆ ಹೋದ ಬಸ್ಸಿನಲ್ಲಿ ಅವಳಿದ್ದಳು. ಚೀಲದಲ್ಲಿ ಹುಬ್ಬಳ್ಳಿಯ ಬಾಟಲಿ. ಅದು ಸರಿಯಾಗಿ ಗಾಳೆವ್ವನಿಗೆ ಸೇರಬೇಕಾದದ್ದು ಎಂದು ಅವಳಿಗೆ ಅನ್ನಿಸಿತ್ತು.

ಮನೆ ಸಿಗುವುದು ಕಷ್ಟವಾಗಲಿಲ್ಲ. ಮಗ ಸೊಸೆ ಹೊಲಕ್ಕೆ ಹೋಗಿದ್ದರು. ಗಾಳೆವ್ವ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಎಪ್ಪತ್ತು ದಾಟಿದ ಒಣಗಿದ ಜೀವ. ಶೈಲಶ್ರೀ ತಾನು ಯಾರೆಂದು ಹೇಳಿದಳು. ಸಿದ್ದಲಿಂಗ ಎಂದರೆ ಅವಳಿಗೆ ತಿಳಿಯಲಿಲ್ಲ. ಸೆಂಟಿನ ಕಂಡಕ್ಟರ್ ಎಂದ ಕೂಡಲೇ ಮುಖ ಅರಳಿತು.

"ಬಾ ತಾಯಿ, ಕುಂಡರು. ಎಲ್ಲಿಗೆ ಬದಲಿ ಆಗೇತಿ ಅವಗ? ಭಾಳ ದಿನಾ ಆತು, ಈ ಗಾಡಿ ಮ್ಯಾಲೆ ಕಾಣವಲ್ಲ."

ಹೇಳಲೇಬೇಕಾಯಿತು. ಗಾಳೆವ್ವನ ಕೈ ಮೊರದಲ್ಲೇ ನಿಂತಿತು. ಅವಳು ಅಳಲಿಲ್ಲ. ಶೈಲಶ್ರೀಯ ಮೊಣಕಾಲಿನ ಮೇಲೆ ಅಂಗೈ ಇಟ್ಟು, ಕ್ರಾಸಿನ ಕಡೆಯ ದಾರಿ ನೋಡಿದಳು. ಶೈಲಶ್ರೀ ಬಾಟಲಿ ತೆಗೆದು, ಸೆರಗಿನ ತುದಿಗೆ ಒಮ್ಮೆ ಹೊಡೆದು ಮುಂದೆ ಹಿಡಿದಳು.

ಮುದುಕಿ ಮೂಸಿದವಳೇ ಮುಖ ಅತ್ತ ತಿರುಗಿಸಿದಳು. "ತಗಿಯವ್ವಾ, ಅದನ್ನ ತಗಿ. ಆ ದಿನಾನ ಬಂದು ಮುಂದ ನಿಂತಾಂಗಾತು. ನಾಕು ದಿನಾ ಮನಿ ತುಂಬ ಇದ ಇತ್ತು, ನಾ ಉಣಲಿಲ್ಲ."

ಶೈಲಶ್ರೀ ಬಾಟಲಿಯನ್ನು ಒಳಗಿಟ್ಟು ಸೆರಗನ್ನು ಮಡಿಚಿ ಹಿಂದೆ ಸರಿಸಿದಳು. ತಾನು ತಂದದ್ದು ತಪ್ಪಾಯಿತೆಂದಳು.

"ತಪ್ಪೇನಿಲ್ಲ. ನಿನಗೇನು ಗೊತ್ತು," ಎಂದಳು ಗಾಳೆವ್ವ. "ಮಣ್ಣಾದ ಮೂರನೇ ದಿನಾ ಬಂದಿದ್ದ ಅಂವ, ಖಾಕಿ ಇಲ್ಲದ. ಇಲ್ಲೇ ಕುಂತು ಒಂದು ರೊಟ್ಟಿ ತಿಂದ. ಅವತ್ತಿಂದ ಅವನ ನಾಕ ಗಂಟೆ ಗಾಡಿಗೆ ಕೆಲಸಿಲ್ಲದಿದ್ದರೂ ನಾ ಕ್ರಾಸಿಗೆ ಹೋಗಿ ಬೇವಿನ ಬುಡಕ ಕುಂಡರತಿದ್ದೆ. ಬಾಗಲದಾಗ ಬಗ್ಗಿ, ಆಯಿ, ಉಂಡಿಯೇನು ಅಂತ ಕೇಳತಿದ್ದ. ಉಂಡೇನಪಾ ಅಂತಿದ್ದೆ. ಹುರದ ಶೇಂಗಾ ಕಟ್ಟಿ ಕೊಡತಿದ್ದೆ. ಅಷ್ಟ. ಗಾಡಿ ಹೋಗತಿತ್ತು."

ಶೇಂಗಾ ಯಾರೋ ಪ್ಯಾಸೆಂಜರು ಕೊಟ್ಟರು ಎಂದು ಅವನು ಹೇಳುತ್ತಿದ್ದದ್ದು ಶೈಲಶ್ರೀಗೆ ನೆನಪಾಯಿತು. ಆ ಶೇಂಗಾದ ಚಟ್ನಿಯನ್ನು ಅವಳೇ ಕುಟ್ಟಿದ್ದಳು.

"ಗಾಡಿ ಕೆಟ್ಟು ನಿಂತಾಗೊಮ್ಮೆ ಭಾಳ ಹೊತ್ತು ಮಾತಾಡಿದ. ನಿಂದ ಸುದ್ದಿ," ಎಂದು ಗಾಳೆವ್ವ ಮೊದಲ ಸಲ ಸಣ್ಣಗೆ ನಕ್ಕಳು. "ನಮ್ಮಾಕಿ ನಿದ್ದ್ಯಾಗ ಹಾಜರಿ ತಗೋತಾಳ ಆಯಿ, ಹುಡುಗರ ಹೆಸರು ಒಂದೊಂದ ಕೂಗತಾಳ ಅಂದ. ಒಂದು ರಾತ್ರಿ ಅಂವಂದೂ ಹೆಸರು ಕೂಗಿದಿಯಂತ. ಎಸ್ ಟೀಚರ್ ಅಂದೆ, ಸುಮ್ಮನ ಮಲಗಿದಳು ಅಂದ."

ಶೈಲಶ್ರೀಗೆ ಇದು ಗೊತ್ತಿರಲಿಲ್ಲ. ತನ್ನ ನಿದ್ದೆಯ ಮಾತನ್ನು ಕೇಳಿದವನು ಅವನೊಬ್ಬನೇ, ಅವನು ಹೇಳಿದ್ದು ಈ ಮುದುಕಿಗೆ. ಅವಳು ಮೊರದಿಂದ ಒಂದು ಹಿಡಿ ಶೇಂಗಾ ತೆಗೆದುಕೊಂಡು ತಾನೂ ಸುಲಿಯತೊಡಗಿದಳು.

"ಮತ್ತೇನಂದ್ರು ಆಯಿ?"

ಕ್ರಾಸಿನ ಕಡೆಯಿಂದ ಹಾರ್ನ್ ಕೇಳಿಸಿತು.

"ನಾಕರ ಗಾಡಿ ಬಂತು. ಹೋಗು ತಾಯಿ, ಮನ್ಯಾಗ ಅತ್ತಿ ದಾರಿ ನೋಡತಿರತಾಳ."

"ಆರಕ್ಕ ಇನ್ನೊಂದು ಐತಲ್ರಿ," ಎಂದಳು ಶೈಲಶ್ರೀ, ಎದ್ದೇಳದೆ. "ನೀವು ಹೇಳ್ರಿ. ಮತ್ತೇನಂದ್ರು?"

ಗಾಳೆವ್ವ ನೆನಪು ಮಾಡಿಕೊಳ್ಳುತ್ತ ಮೊರವನ್ನು ಇಬ್ಬರ ನಡುವೆ ಸರಿಸಿದಳು. ಶೈಲಶ್ರೀ ಕಾದಳು.